ಸೋಮವಾರಪೇಟೆಯ ಮನೆಯ ರಕ್ತ, ಬೆಂಗಳೂರಿನ ಲ್ಯಾಬಿನ ನ್ಯೂರಾನ್: ನನ್ನ ಅನುಭವ

ಪಾರ್ಕಿನ್ಸನ್ ಇರುವವರಿಗೆ ಕೈ ನಡುಗಲು ಶುರುವಾಗುವ ಹೊತ್ತಿಗೆ ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ತಯಾರಿಸುವ ಎಷ್ಟೋ ನ್ಯೂರಾನ್‌ಗಳು (ನರಕೋಶಗಳು) ಸತ್ತಿರುತ್ತವೆ. ಬದುಕಿರುವವರ ಮಿದುಳನ್ನು ತೆಗೆದು ನೋಡಲು ಆಗುವುದಿಲ್ಲ, ಅಲ್ವಾ? ಅದಕ್ಕೇ ನಾವು ರಕ್ತದಿಂದ ಶುರು ಮಾಡುತ್ತೇವೆ. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ ಅದನ್ನು ಕಾಂಡಕೋಶವಾಗಿ, ಅಂದರೆ ನ್ಯೂರಾನ್ ಸೇರಿ ದೇಹದ ಯಾವ ಕೋಶವಾಗಿ ಬೇಕಾದರೂ ಬೆಳೆಯಬಲ್ಲ ಕೋಶವಾಗಿ ಬದಲಾಯಿಸಿದರು, ಮರುವರ್ಷ ಮನುಷ್ಯರ ಕೋಶದಲ್ಲೂ ಅದು ಸಾಧ್ಯವಾಯಿತು.

ಸೋಮವಾರಪೇಟೆ ಹತ್ತಿರದ ಒಂದು ಮನೆಯಲ್ಲಿ ಅಣ್ಣತಮ್ಮ ಇಬ್ಬರಿಗೂ ಈ ಕಾಯಿಲೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರ ಹಿಡಿದು ಹೋದೆ. ಅವರಲ್ಲೊಬ್ಬರ ಮಗಳು ಕೇಳಿದ್ದು ಒಂದೇ: "ಅಣ್ಣಾ, ಇದರಿಂದ ಅಪ್ಪನಿಗೆ ಗುಣ ಆಗುತ್ತಾ?" "ಇಲ್ಲ ಅಕ್ಕ, ಕಾಯಿಲೆ ಹೇಗೆ ಶುರುವಾಗುತ್ತೆ ಅಂತ ತಿಳಿಯೋಕೆ ಮಾತ್ರ" ಅಂದೆ. ಇದನ್ನು ಮೊದಲೇ ಹೇಳಬೇಕು, ಸುಮ್ನೆ ಆಸೆ ಹುಟ್ಟಿಸುವುದು ದೊಡ್ಡ ಅನ್ಯಾಯ.

ಕಾಯಿಲೆ ಇಲ್ಲದ ಅವರ ಅತ್ತೆಯ, ಅಂದರೆ ಆ ಅಣ್ಣತಮ್ಮಂದಿರ ಅಕ್ಕನ ರಕ್ತವನ್ನೂ ಕೇಳಿದೆ. ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿದೆ. ಆರೋಗ್ಯವಾಗಿರುವ ಇಬ್ಬರ ನ್ಯೂರಾನ್‌ಗಳೂ ಒಂದೇ ಥರ ಇರುವುದಿಲ್ಲ, ಹಾಗಾಗಿ ಯಾರೋ ಹೊರಗಿನವರ ಕೋಶದ ಪಕ್ಕ ಇಟ್ಟರೆ ಕಾಣುವ ವ್ಯತ್ಯಾಸ ಕಾಯಿಲೆಯದೋ ಮನುಷ್ಯನದೋ ಗೊತ್ತಾಗುವುದಿಲ್ಲ. ಒಡಹುಟ್ಟಿದವರಾದರೆ ಗೊಂದಲ ಸ್ವಲ್ಪ ಕಡಿಮೆ. ಕಾಯಿಲೆ ತರುವ ಜೀನ್ ಯಾವುದೆಂದು ಖಚಿತವಾದರೆ ಜೀನ್ ತಿದ್ದುವ ಕ್ರಿಸ್ಪರ್ ತಂತ್ರದಿಂದ ರೋಗಿಯ ಕೋಶದಲ್ಲೇ ಅದೊಂದನ್ನು ಸರಿಪಡಿಸಿ ಎರಡನ್ನೂ ಜೊತೆಗೆ ಬೆಳೆಸಬಹುದು. ಅದಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ.

ರಕ್ತದ ಟ್ಯೂಬನ್ನು ಐಸ್‌ನಲ್ಲಿ ಇಡಬಾರದು. ಮಾಮೂಲಿ ಉಷ್ಣತೆಯಲ್ಲೇ ಒಂದು ದಿನದೊಳಗೆ ಲ್ಯಾಬ್ ಸೇರಬೇಕು. ಕೊಡಗಿನ ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುತ್ತೆ, ಅದಕ್ಕೆ ನಾವು ಬೇಸಿಗೆಯಲ್ಲೇ ಹೋದೆವು, ಕುಶಾಲನಗರ ದಾಟಿ ಮೈಸೂರು ರಸ್ತೆ ಹಿಡಿದ ಮೇಲೇ ನೆಮ್ಮದಿ. ಲ್ಯಾಬಿನಲ್ಲಿ ಬಿಳಿ ರಕ್ತಕಣ ಬೇರ್ಪಡಿಸಿ, ಸೆಂಡಾಯ್ ವೈರಸ್ ಮೂಲಕ ಆ ನಾಲ್ಕು ಜೀನ್ ಒಳಗೆ ಕಳಿಸುತ್ತೇವೆ. ಮೂರು ನಾಲ್ಕು ವಾರಕ್ಕೆ ಕಾಂಡಕೋಶದ ಗುಂಪುಗಳು ಕಾಣುತ್ತವೆ. ಅವನ್ನು ಬೆಳೆಸುತ್ತಾ ವೈರಸ್ ಪೂರ್ತಿ ಹೊರಟು ಹೋಗಿದೆಯಾ, ಕ್ರೋಮೋಸೋಮ್ ಸರಿಯಿದೆಯಾ ಅಂತ ನೋಡಲೇಬೇಕು. ಒಬ್ಬರಿಂದ ಒಂದೇ ಕ್ಲೋನ್ (ಒಂದೇ ಕೋಶದಿಂದ ಬೆಳೆದ ಗುಂಪು) ತೆಗೆದು ತೀರ್ಮಾನಕ್ಕೆ ಬರಬೇಡಿ. ಆಮೇಲೆ ಡೋಪಮಿನ್ ನ್ಯೂರಾನ್ ಮಾಡುವುದಕ್ಕೆ ಇನ್ನೂ ತಿಂಗಳುಗಳು ಬೇಕು.

ಒಂದು ತೊಡಕು ಉಳಿಯುತ್ತದೆ. ಕಾಂಡಕೋಶ ಮಾಡುವಾಗ ಕೋಶದ ವಯಸ್ಸು ಅಳಿಸಿ ಹೋಗುತ್ತೆ, ಆದರೆ ಪಾರ್ಕಿನ್ಸನ್ ಹೆಚ್ಚಾಗಿ ವಯಸ್ಸಾದವರ ಕಾಯಿಲೆ. ಅದಕ್ಕೆ ರೋಟೆನೋನ್ ಅನ್ನುವ ವಿಷ ಹಾಕಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ ಒತ್ತಡ ಕೊಟ್ಟು, ತಮ್ಮಂದಿರ ನ್ಯೂರಾನ್ ಮೊದಲು ಸೋಲುತ್ತಾ, ಅಕ್ಕನದಾ ಅಂತ ಈಗ ನೋಡುತ್ತಿದ್ದೇವೆ.