ಮೊದಲ ವಾರದಿಂದಲೇ ಮಕ್ಕಳಿಂದ ದೂರ ನಿಂತೆ: ಕಂಚಿನ ಪ್ರಶಸ್ತಿಗೆ ತಂಡ ಕಟ್ಟಿದ ನನ್ನ ಅನುಭವ

ಡ್ಯೂಕ್ ಆಫ್ ಎಡಿನ್‌ಬರೊ ಪ್ರಶಸ್ತಿ ಎಂದರೆ ಸೇವೆ, ಕೌಶಲ, ದೈಹಿಕ ಚಟುವಟಿಕೆ, ಚಾರಣ ಪೂರೈಸಿದ ಹರೆಯದವರಿಗೆ ಕಂಚು, ಬೆಳ್ಳಿ, ಚಿನ್ನದ ಹಂತಗಳಲ್ಲಿ ಕೊಡುವ ಪ್ರಶಸ್ತಿ. ಅದರ ಅರ್ಹತಾ ಚಾರಣದಲ್ಲಿ, ಅಂದರೆ ತೇರ್ಗಡೆಗೆ ಲೆಕ್ಕಕ್ಕೆ ಬರುವ ಚಾರಣದಲ್ಲಿ, ಮಕ್ಕಳು ತಾವಾಗಿಯೇ ನಡೆಯಬೇಕು, ಮೇಲ್ವಿಚಾರಕ ದೂರ ಇರಬೇಕು. ಈ ಪ್ರಶಸ್ತಿಗೆ ತಂಡ ಕಟ್ಟುವವರಿಗೆಲ್ಲ ಇದು ಗೊತ್ತು. ನಾನು ಮೊದಲ ಅಭ್ಯಾಸ ನಡಿಗೆಯಿಂದಲೇ ದೂರ ಉಳಿಯುತ್ತೇನೆ ಎಂದಾಗ ಮಾತ್ರ ಒಬ್ಬರೂ ಒಪ್ಪಲಿಲ್ಲ. ಹದಿನಾಲ್ಕರ ಮಕ್ಕಳು, ದಾರಿ ತಪ್ಪುತ್ತಾರೆ ಎಂದರು ಪೋಷಕರು. ತಪ್ಪಲಿ ಎಂದೇ ನಾನು ಹೊರಟಿದ್ದು. ಈ ಸಲ ಕಂಚಿನ ತಂಡ ಪೂರ್ತಿ ತೇರ್ಗಡೆಯಾಗಿದೆ. ಹಿಂದೆ ಯಾವ ತಂಡದಲ್ಲೂ ಒಬ್ಬಿಬ್ಬರು ಉದುರದೆ ಇರುತ್ತಿರಲಿಲ್ಲ.

ಮೊದಲು ತರಗತಿಯಲ್ಲೇ ನಕ್ಷೆ ಕಲಿಸುತ್ತಿದ್ದೆವು. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳ ಪರೀಕ್ಷೆಯಲ್ಲಿ ಎಲ್ಲರಿಗೂ ಒಳ್ಳೆಯ ಅಂಕ ಬರುತ್ತಿತ್ತು. ಗುಡ್ಡದ ಮೇಲೆ ನಿಲ್ಲಿಸಿದರೆ ಕಣಿವೆ ಯಾವುದು, ಏಣು ಯಾವುದು ಎಂದು ಗುರುತಿಸಲು ಆಗುತ್ತಿರಲಿಲ್ಲ. ಈಗ ತರಗತಿಯ ಪಾಠ ಹೆಚ್ಚೆಂದರೆ ಒಂದು ಗಂಟೆ. ಮಿಕ್ಕಿದ್ದೆಲ್ಲ ಬಯಲಿನಲ್ಲಿ, ಬೆನ್ನಿಗೆ ಚೀಲ ಹೊತ್ತು.

ಒಂದು ಕವಲಿನ ಘಟನೆ ಹೇಳಲೇಬೇಕು. ಆರು ಮಕ್ಕಳಲ್ಲಿ ಐವರು ಅಗಲವಾದ ದಾರಿಯತ್ತ ಕೈ ತೋರಿಸಿದರು. ಒಬ್ಬ ಹುಡುಗಿ ದಿಕ್ಸೂಚಿ ಹಿಡಿದು, ‘ಹೊಳೆ ನಮ್ಮ ಎಡಕ್ಕೆ ಬರಬೇಕು’ ಎಂದಳು. ಅವಳ ಮಾತು ನಡೆಯಲಿಲ್ಲ. ದಿಬ್ಬದ ಮೇಲೆ ನನ್ನ ಜೊತೆ ಕೂತಿದ್ದ ಸಹೋದ್ಯೋಗಿ ಕೂಗಿ ಕರೆಯಲು ಎದ್ದೇಬಿಟ್ಟರು. ಕೈ ಹಿಡಿದು ಕೂರಿಸಿದೆ. ಸುಮಾರು ಇಪ್ಪತ್ತು ನಿಮಿಷದ ಮೇಲೆ ಮಕ್ಕಳು ತಾವೇ ತಿರುಗಿ ಬಂದರು. ಅಂದಿನಿಂದ ನಕ್ಷೆ ನೋಡದೆ ಆ ತಂಡ ಒಂದು ಕವಲನ್ನೂ ದಾಟಲಿಲ್ಲ.

ಹಾಗೆಂದು ಮಕ್ಕಳನ್ನು ದೇವರ ಮೇಲೆ ಭಾರ ಹಾಕಿ ಬಿಡುವುದಲ್ಲ. ದಾರಿಯಲ್ಲಿ ತಲುಪಬೇಕಾದ ಜಾಗಗಳು, ತಲುಪುವ ಹೊತ್ತು, ದಾರಿ ತಪ್ಪಿದರೆ ಕೊನೆಯ ಗುರುತಿನ ಜಾಗಕ್ಕೆ ಮರಳುವ ನಿಯಮ, ಮೊಹರು ಮಾಡಿದ ಪೊಟ್ಟಣದಲ್ಲಿ ಒಂದು ಮೊಬೈಲ್: ಇವಿಷ್ಟೂ ಮೊದಲೇ ಗಟ್ಟಿಯಾಗಿರಬೇಕು.

ಹೊತ್ತಿನ ಲೆಕ್ಕಕ್ಕೆ, ದೂರ ಮತ್ತು ಏರಿನಿಂದ ನಡಿಗೆಯ ಸಮಯ ಅಂದಾಜಿಸುವ ನೇಸ್ಮಿತ್ ಸೂತ್ರವನ್ನು ಇದ್ದ ಹಾಗೇ ನಂಬಬೇಡಿ. ಗಂಟೆಗೆ 5 ಕಿ.ಮೀ. ಎಂಬುದು ಹೊರೆ ಹೊತ್ತ ಮಕ್ಕಳಿಗೆ ಆಗದ ಮಾತು. ನಮ್ಮವರು ತಾವೇ ಅಳೆದು ನೋಡಿದಾಗ ಮೂರರಿಂದ ಮೂರೂವರೆ ಬಂತು, ಏರಿನ ಪ್ರತಿ 100 ಮೀಟರಿಗೆ ಹತ್ತು ನಿಮಿಷ ಬೇರೆ. ತಾವೇ ಕಂಡುಕೊಂಡ ಅಂಕಿಯಾದ್ದರಿಂದ ಅದರ ಮೇಲೆ ಅವರಿಗೆ ನಂಬಿಕೆ ಇತ್ತು.

ಇನ್ನು ದುಡ್ಡು. ಹಿಂದೊಮ್ಮೆ ಖರೀದಿ ಸಮಿತಿ ಅಗ್ಗದ ಟೆಂಟ್‌ಗಳನ್ನು ಕೊಂಡಿತು. ಮೊದಲ ಗಾಳಿಗೇ ಕಂಬಿ ಮುರಿಯಿತು, ಹೊಲಿಗೆಯಲ್ಲಿ ನೀರು ಸೋರಿತು, ಆ ವರ್ಷದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಮಣ್ಣುಪಾಲಾಯಿತು. ಈಗ ಟೆಂಟ್, ಸ್ಟವ್, ಬೆನ್ನುಚೀಲ ಎಲ್ಲವೂ ಬಾಡಿಗೆಗೆ. ಕೊಳ್ಳುವುದು ಬೂಟು ಮತ್ತು ಕಾಲುಚೀಲ ಮಾತ್ರ, ಅದೂ ಎರಡನೆಯ ಅಭ್ಯಾಸ ನಡಿಗೆ ಮುಗಿದ ಮೇಲೆ. ಮೊದಲಿನ ಖರ್ಚಿನ ಮೂರನೇ ಒಂದು ಪಾಲೂ ಆಗುತ್ತಿಲ್ಲ.

ಹೊರೆ ಮೈತೂಕದ ಕಾಲುಭಾಗ ಮೀರಬಾರದು ಎನ್ನುತ್ತಾರೆ. ನಾನು ಐದನೇ ಒಂದು ಭಾಗಕ್ಕೇ ನಿಲ್ಲಿಸುತ್ತೇನೆ. 45 ಕೆ.ಜಿ.ಯ ಮಗುವಿಗೆ 9 ಕೆ.ಜಿ., ನೀರೂ ಸೇರಿ. ಮೊದಲ ದಿನ ಬಂದ ಚೀಲಗಳು ಹನ್ನೆರಡು ಹದಿಮೂರು ತೂಗಿದವು. ಭಾಷಣ ಮಾಡಲಿಲ್ಲ. ವಾಪಸು ಬಂದ ಕೂಡಲೇ ಪ್ರತಿಯೊಬ್ಬರ ಚೀಲವನ್ನೂ ಹಾಸಿನ ಮೇಲೆ ಸುರಿಸಿ ಮೂರು ಗುಡ್ಡೆ ಮಾಡಿಸಿದೆ: ಬಳಸಿದ್ದು, ಬಳಸದ್ದು, ಬೇರೆಯವರಿಂದ ಕೇಳಿ ಪಡೆದದ್ದು. ಒಂದೇ ಟೆಂಟಿನವರ ಬಳಿ ಮೂರು ಟಾರ್ಚ್, ದೊಡ್ಡ ಶಾಂಪೂ ಬಾಟಲಿ. ಒಣಗಿದ ಬೆಂಕಿಪೊಟ್ಟಣ ಒಬ್ಬರ ಬಳಿಯೂ ಇಲ್ಲ. ಕೆಲಸ ಮಾಡಿದ್ದು ಮೂರನೆಯ ಗುಡ್ಡೆ. ಇಸಿದುಕೊಂಡ ವಸ್ತುವನ್ನು ಎಲ್ಲರೆದುರು ಇಡಬೇಕಾಗಿ ಬಂದ ಮಗು ಅದನ್ನು ಮತ್ತೆಂದೂ ಮರೆಯಲಿಲ್ಲ.

ನಡುವೆ ಸ್ಟವ್‌ಗಳ ಮೇಲೂ ಒಂದು ಪ್ರಯೋಗ ನಡೆಯಿತು. ಮುಚ್ಚಳ ಮುಚ್ಚಿ, ಗಾಳಿಗೆ ಮರೆ ಕಟ್ಟಿ ನೀರು ಕಾಯಿಸಿದರೆ ಇಂಧನ ಮೂರನೇ ಒಂದು ಪಾಲಿನಷ್ಟು ಉಳಿಯಿತು. ಒಂದರ ಮೇಲೊಂದು ಎರಡು ಕಾಲುಚೀಲ ಹಾಕಿದರೆ ಗುಳ್ಳೆ ಏಳುವುದಿಲ್ಲ ಎಂಬುದನ್ನೂ ಪರೀಕ್ಷಿಸಿದೆವು. ಕೆಲವರಿಗೆ ಹಿಡಿಸಿತು, ಕೆಲವರಿಗೆ ಬೂಟೇ ಬಿಗಿಯಾಯಿತು.

ಪ್ರತಿ ಕವಲಿಗೂ ನಾಯಕರು ಬದಲಾಗುತ್ತಾರೆ. ಯಾವ ಕ್ರಮದಲ್ಲಿ ಬದಲಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ತಂಡದ ಮಕ್ಕಳೂ ಇದನ್ನು ಓದಬಹುದು.

ಮಕ್ಕಳು ಉದುರುವುದು ಗುಡ್ಡದಲ್ಲಲ್ಲ, ಉಳಿದ ಚಟುವಟಿಕೆಗಳ ದಾಖಲೆಯಲ್ಲಿ. ಸೇವೆ, ಕೌಶಲ, ದೈಹಿಕ ಚಟುವಟಿಕೆ ಮೂರಕ್ಕೂ ವಾರಕ್ಕೊಂದು ಗಂಟೆಯಂತೆ ಕನಿಷ್ಠ ಮೂರು ತಿಂಗಳು, ಒಂದಕ್ಕೆ ಆರು. ಹೊರೆ ಹೊತ್ತು ನಡೆಯುವುದನ್ನೇ ದೈಹಿಕ ಚಟುವಟಿಕೆಯಾಗಿ ಆರಿಸಿಕೊಳ್ಳಲು ಹೇಳಿದೆ. ಚಾರಣದ ತಯಾರಿಯೂ ದಾಖಲೆಯೂ ಒಟ್ಟಿಗೇ ಸಾಗಿದವು.

ಮುಂದೆ ಬೆಳ್ಳಿ: ಮೂರು ಹಗಲು, ಎರಡು ರಾತ್ರಿ. ಅಂದು ಎದ್ದು ನಿಂತ ಸಹೋದ್ಯೋಗಿ ಈ ಸಲ ತಾವೇ ಒಂದು ತಂಡ ವಹಿಸಿಕೊಂಡಿದ್ದಾರೆ. ಬಾಡಿಗೆ ಟೆಂಟ್‌ಗಳನ್ನು ಇಬ್ಬರೂ ಸೇರಿ ಈಗಲೇ ಕಾಯ್ದಿರಿಸಿದ್ದೇವೆ.