ದಿನಸಿ ವಹಿಯಲ್ಲಿ ಸಿಕ್ಕ ಮಗು: ಬಾಲಮಂದಿರದ ಹಳೆಯ ಕಡತ ಹುಡುಕಿದ ನನ್ನ ಅನುಭವ

ಬಾಲಮಂದಿರದಲ್ಲಿ ಬೆಳೆದು ಹೊರಬಂದವರು ತಮ್ಮ ಮೂಲ ಕಡತ ಹುಡುಕಿಕೊಡಿ ಎಂದು ನನ್ನ ಬಳಿ ಬರತೊಡಗಿ ಹತ್ತು ವರ್ಷಗಳ ಮೇಲಾಯಿತು. ಹೆಸರು ಬಿಟ್ಟು ದಿನಸಿ ವಹಿಯಿಂದ, ಅಂದರೆ ಅಡುಗೆ ಸಾಮಾನಿನ ದಿನದ ಲೆಕ್ಕದ ಪುಸ್ತಕದಿಂದ ಹುಡುಕೋಣವೆಂದು ನಾನು ಹೇಳಿದಾಗ, ಜೋಳದ ಲೆಕ್ಕದಲ್ಲಿ ಮನುಷ್ಯ ಸಿಗುತ್ತಾನೆಯೇ ಎಂದು ಕೇಳಿದವರೇ ಕಲಬುರಗಿಯ ನನ್ನ ಗೆಳೆಯರಲ್ಲಿ ಹೆಚ್ಚು. ಹದಿನಾಲ್ಕೋ ಹದಿನೈದೋ ಅರ್ಜಿಗಳಲ್ಲಿ ಹತ್ತು ಜನರ ಕಡತ ಈ ದಾರಿಯಿಂದಲೇ ಸಿಕ್ಕಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ಮೂರು ವರ್ಷ ನಾನೂ ಹೆಸರಿನ ಹಿಂದೆಯೇ ಅಲೆದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಪುಟಕ್ಕೆ ಎರಡು ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಬಸ್ಸು, ಜೆರಾಕ್ಸು, ಕಳೆದುಕೊಂಡ ಕೂಲಿ ಎಲ್ಲ ಸೇರಿ ನಲವತ್ತು ಸಾವಿರದಷ್ಟು ಹೋಯಿತು. ಕೈಗೆ ಬಂದದ್ದು "ದಾಖಲೆ ಲಭ್ಯವಿಲ್ಲ" ಎಂಬ ಹಿಂಬರಹಗಳ ಒಂದು ಕಟ್ಟು. ಒಂಬತ್ತು ಸಾವಿರ ಕೊಟ್ಟು ತಂದ ಸ್ಕ್ಯಾನರ್ ಕೂಡ ವ್ಯರ್ಥವಾಯಿತು, ಏಕೆಂದರೆ ದಪ್ಪ ಹೊಲಿಗೆಯ ವಹಿ ಅದರ ಮೇಲೆ ಚಪ್ಪಟೆಯಾಗಿ ಕೂರುವುದೇ ಇಲ್ಲ. ಮಗು ಹೇಳುವುದು ಮನೆಯಲ್ಲಿ ಕರೆಯುವ ಹೆಸರು, ಪೊಲೀಸರು ಬರೆದುಕೊಳ್ಳುವುದು ಇನ್ನೊಂದು, ಶಾಲೆಗೆ ಸೇರಿಸುವಾಗ ಇಟ್ಟದ್ದು ಮೂರನೆಯದು. ಹುಟ್ಟಿದ ದಿನಾಂಕವಂತೂ ಹೆಚ್ಚಿನವರಿಗೆ ಶಾಲೆಗೆ ಸೇರಿಸುವಾಗ ಅಂದಾಜಿಗೆ ಬರೆದ ಜೂನ್ 1. ಇವೆರಡನ್ನು ನಂಬಿ ಹೊರಟರೆ ಯಾರೂ ಸಿಗುವುದಿಲ್ಲ.

ನಾನು ನೋಡಿದ ಕಡೆಗಳಲ್ಲೆಲ್ಲ ಮಕ್ಕಳ ಕಡತಗಳಿಗೆ ಗೆದ್ದಲು ಹಿಡಿದಿತ್ತು, ಆದರೆ ಆಡಿಟ್ ಆಕ್ಷೇಪಣೆಯ ಭಯದಿಂದ ಲೆಕ್ಕದ ವಹಿಗಳನ್ನು ಬಸ್ತಾ (ಬಟ್ಟೆಯ ಗಂಟು) ಕಟ್ಟಿ ಜೋಪಾನವಾಗಿ ಇಟ್ಟಿದ್ದರು. ದಿನಸಿ ವಹಿಯಲ್ಲಿ ಪ್ರತಿದಿನದ ಹಾಜರಿ ಸಂಖ್ಯೆಯಿದ್ದು, ಅದರ ಮೇಲೆಯೇ ಜೋಳ, ಅಕ್ಕಿ, ತೊಗರಿಬೇಳೆಯ ತೂಕ ನಿಂತಿರುತ್ತದೆ. ನಿನ್ನೆ 58 ಇದ್ದದ್ದು ಇಂದು 59 ಆದರೆ ಒಂದು ಮಗು ಬಂದಿದೆ, ಇಲ್ಲವೇ ಓಡಿಹೋದ ಮಗು ಮರಳಿದೆ. ಯಾವುದೆಂದು ತಿಳಿಯಲು ಬಟ್ಟೆ ವಿತರಣೆಯ ವಹಿ ತೆರೆಯಬೇಕು: ಹೊಸ ಮಗುವಾದರೆ ಚಡ್ಡಿ 2, ಅಂಗಿ 2, ತಟ್ಟೆ 1, ಲೋಟ 1, ಜಮಖಾನೆ 1, ಪಕ್ಕದಲ್ಲಿ ದಾಖಲಾತಿ ಸಂಖ್ಯೆ, ಕೊನೆಯ ಅಂಕಣದಲ್ಲಿ ಹೆಬ್ಬೆಟ್ಟು. ಆ ಸಂಖ್ಯೆ ಸಿಕ್ಕರೆ, ಮಗುವನ್ನು ಬಾಲಮಂದಿರಕ್ಕೆ ಸೇರಿಸಿದ ಆದೇಶದ ಕಡತವನ್ನು ಹೆಸರಿಲ್ಲದೆಯೇ ಕೇಳಬಹುದು.

ಶಹಾಬಾದ್ ಕಡೆ ಫರಸಿಯ (ನೆಲಹಾಸು ಕಲ್ಲಿನ) ಕೆಲಸ ಮಾಡುವ ಒಬ್ಬರಿಗೆ ತಾವು ಬಾಲಮಂದಿರಕ್ಕೆ ಬಂದ ಮರುದಿನ ಭಜ್ಜಿ (ಸೊಪ್ಪು-ಕಾಳುಗಳ ಪಲ್ಯ) ಮತ್ತು ಸಜ್ಜೆ ರೊಟ್ಟಿ ಬಡಿಸಿದ್ದು ಮಾತ್ರ ನೆನಪಿತ್ತು. ನಮ್ಮ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಅದು ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಬರುವ ರೈತರ ಹಬ್ಬ, ಎಳ್ಳ ಅಮಾವಾಸ್ಯೆ. ಅವರ ಬಳಿಯಿದ್ದ ಹರಿದ ಕಾಗದದಲ್ಲಿ "ಬಾಲ ಕಲ್ಯಾಣ ಮಂಡಳಿ" ಎಂದಿದ್ದುದರಿಂದ, ಆ ಮಂಡಳಿಯನ್ನು ತಂದ 1986ರ ಬಾಲನ್ಯಾಯ ಕಾಯ್ದೆ ಜಾರಿಗೆ ಬಂದ 1987ರ ಅಕ್ಟೋಬರ್ 2ರ ನಂತರವೇ ಬಂದಿರಬೇಕು. ಒಂದನೆಯ ತರಗತಿಗೆ ಸೇರಿದ್ದು 1991ರ ಜೂನ್‌ನಲ್ಲಿ. ನಡುವೆ ಇದ್ದದ್ದು ನಾಲ್ಕೇ ಎಳ್ಳ ಅಮಾವಾಸ್ಯೆಗಳು. ವಹಿಯಲ್ಲಿ ಸಜ್ಜೆ ಕಂಡ ದಿನಗಳೂ ನಾಲ್ಕೇ, ಅದರ ಹಿಂದಿನ ದಿನ ಹಾಜರಿ ಒಂದು ಏರಿದ್ದು ಒಂದೇ ವರ್ಷ. ವಾಡಿ ಜಂಕ್ಷನ್‌ನಲ್ಲಿ ರೈಲ್ವೆ ಪೊಲೀಸರಿಗೆ ಸಿಕ್ಕಿದ್ದ ಮಗು ಎಂದು ಆದೇಶದಲ್ಲಿತ್ತು, ತಾಯಿಯ ಹೆಸರೂ ಇತ್ತು. ಈ ಹುಡುಕಾಟಕ್ಕೆ ಹನ್ನೊಂದು ದಿನ ಹಿಡಿಯಿತು, ಎರಡು ಸಾವಿರದೊಳಗೆ ಮುಗಿಯಿತು.

ಯಾದಗಿರಿಯವರಿಗೆ ಒಂದು ಮಾತು ಹೇಳಲೇಬೇಕು. ಕಲಬುರಗಿಯಿಂದ ಬೇರ್ಪಟ್ಟು ಅದು ಜಿಲ್ಲೆಯಾದದ್ದು 2009–10ರಲ್ಲಿ. ಅದಕ್ಕೂ ಹಿಂದಿನ ಮಗುವಿನ ಕಡತವನ್ನು ಅಲ್ಲಿ ಕೇಳಿ "ಇಲ್ಲ" ಎನ್ನಿಸಿಕೊಂಡು ಕೈಬಿಡಬೇಡಿ, ಕಲಬುರಗಿಯಲ್ಲಿ ಕೇಳಿ.

ಬೀದರಿನ ಹಿರಿಯರೊಬ್ಬರ ತಂದೆಗಾಗಿ ನಿಜಾಮರ ಕಾಲದ ಉರ್ದು ಶಾಲಾ ವಹಿಯನ್ನೂ ಇದೇ ಕ್ರಮದಲ್ಲಿ ಓದಲು ಹೋದೆ. ಅದರಲ್ಲಿ ವರ್ಷವನ್ನು ಫಸಲಿ ಎಂಬ ಕಂದಾಯ ಪಂಚಾಂಗದಲ್ಲಿ ಬರೆದಿರುತ್ತಾರೆ, ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಆದರೆ ಹೈದರಾಬಾದಿನ ಫಸಲಿ ಅಕ್ಟೋಬರ್ 6ಕ್ಕೆ ಶುರುವಾಗುವುದರಿಂದ ಜನವರಿಯಿಂದ ಮುಂದಿನ ತಿಂಗಳುಗಳಿಗೆ 591 ಕೂಡಿಸಬೇಕು. ಇದನ್ನು ಮರೆತು ಪೂರ್ತಿ ಒಂದು ತಿಂಗಳು ಬೇರೆ ವರ್ಷದ ಬಸ್ತಾ ಬಿಚ್ಚಿದೆ. ಮಾಸಿದ ಮಸಿಗೆ ಖೋಟಾ ನೋಟು ನೋಡುವ ನೇರಳೆ ಟಾರ್ಚ್ ಹಿಡಿದು ನೋಡಿದಾಗ ಕಪ್ಪು ಮಸಿಯ ಬರಹ ಎದ್ದು ಕಂಡಿತು, ಈಚಿನ ವಹಿಗಳ ಬಾಲ್‌ಪೆನ್ನಿನದು ಕಾಣಲಿಲ್ಲ. ಮುನ್ನೂರೈವತ್ತು ರೂಪಾಯಿಗೆ ಅದು ಒಳ್ಳೆಯ ಸಾಧನ.

ಮರಳಿ ಬಂದ ಮಗುವನ್ನೂ ಹೊಸ ಮಗುವನ್ನೂ ಬಟ್ಟೆಯ ವಹಿಯಿಲ್ಲದೆ, ದಿನಸಿ ವಹಿಯೊಂದರಿಂದಲೇ ಬೇರ್ಪಡಿಸುವ ಗುರುತೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅರ್ಜಿದಾರರ ಲಿಖಿತ ಒಪ್ಪಿಗೆ ಮತ್ತು ಮಕ್ಕಳ ಕಲ್ಯಾಣ ಸಮಿತಿಯ (ಹಿಂದಿನ ಬಾಲ ಕಲ್ಯಾಣ ಮಂಡಳಿಯ ಜಾಗದಲ್ಲಿ ಈಗಿರುವುದು) ಅನುಮತಿ ಇಟ್ಟುಕೊಂಡು ಬಂದವರಿಗೆ ಎದುರಿಗೆ ಕೂರಿಸಿಕೊಂಡು ತೋರಿಸುತ್ತೇನೆ, ಏಕೆಂದರೆ ಆ ವಹಿಯಲ್ಲಿ ತಮ್ಮನ್ನು ಹುಡುಕಿಕೊಡಿ ಎಂದು ಕೇಳದ ಮಕ್ಕಳೂ ಇದ್ದಾರೆ.

ಆದೇಶದ ಪ್ರತಿ ಕೈಗೆ ಬಂದ ದಿನ ಶಹಾಬಾದಿನ ಆ ಮನುಷ್ಯ ತಾಯಿಯ ಹೆಸರಿದ್ದ ಸಾಲನ್ನು ಹೆಂಡತಿಯಿಂದ ಎರಡು ಸಲ ಓದಿಸಿದರು. ನಂತರ ಬಟ್ಟೆ ವಹಿಯ ಆ ಪುಟದ ಪ್ರತಿಯೂ ಬೇಕೆಂದರು. ಪುಟದಲ್ಲಿ ಬೇರೆ ನಾಲ್ಕು ಮಕ್ಕಳ ಹೆಸರುಗಳಿದ್ದವು. ಅವನ್ನು ಕಾಗದದಿಂದ ಮುಚ್ಚಿ, ಶಹಾಬಾದಿನವರ ಸ್ವಂತ ಹೆಬ್ಬೆಟ್ಟಿನ ಸಾಲನ್ನು ಮಾತ್ರ ಜೆರಾಕ್ಸ್ ಮಾಡಿಸಿಕೊಟ್ಟೆ.