ಟಿಬೇರಿಯಸ್ ದಿನಾರಿಯಸ್ ಕೊಳ್ಳುವ ಮುಂಚೆ ಅಂಚು ನೋಡಿ

ಬಹಳ ವರ್ಷಗಳಿಂದ ಹುಡುಕುತ್ತಿದ್ದ ಟಿಬೇರಿಯಸ್ ಚಕ್ರವರ್ತಿಯ ದಿನಾರಿಯಸ್, ಅಂದರೆ ಹಳೇ ರೋಮನ್ ಬೆಳ್ಳಿ ನಾಣ್ಯ, ಕೊನೆಗೂ ಕೈಗೆ ಬಂತು, ಖುಷಿ ತಡೆಯಲಾಗುತ್ತಿಲ್ಲ! ಕ್ರಿ.ಶ. 14ರಿಂದ 37ರವರೆಗೆ ರೋಮ್ ಆಳಿದವನು. ಒಂದು ಕಡೆ ಅವನ ಮುಖ, ಇನ್ನೊಂದು ಕಡೆ ಕೈಯಲ್ಲಿ ಕೊಂಬೆ ಹಿಡಿದು ಕುಳಿತ ಹೆಂಗಸು, ಪಕ್ಕದಲ್ಲಿ 'ಪಾಂಟಿಫ್ ಮ್ಯಾಕ್ಸಿಮ್' (ಪ್ರಧಾನ ಅರ್ಚಕ) ಎಂಬ ಬರಹ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಇವನ ನಾಣ್ಯ ಸಿಕ್ಕಿದೆ, ಹಾಗಾಗಿ ನನಗೆ ಇದರ ಮೇಲೆ ಆಸೆ ಜಾಸ್ತಿ.

ನೀವೂ ಹುಡುಕುತ್ತಿದ್ದರೆ ಮುಖ ನೋಡಿ ಮರುಳಾಗಬೇಡಿ, ಮೊದಲು ಅಂಚು ನೋಡಿ. ಎರಕ ಹೊಯ್ದ ನಕಲಿಯಾದರೆ ಅಂಚಿನ ಸುತ್ತ ಸಣ್ಣ ಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಇರಬಹುದು, ಭೂತಗನ್ನಡಿ ಹಿಡಿದರೆ ಮೈಮೇಲೆ ಸಣ್ಣ ಸಣ್ಣ ಗುಳ್ಳೆ ಕಾಣುತ್ತವೆ, ಅಕ್ಷರಗಳೂ ಮೊಂಡಾಗಿರುತ್ತವೆ. ತೂಕ ಸುಮಾರು 3.5ರಿಂದ 3.9 ಗ್ರಾಂ. ತೀರಾ ಕಡಿಮೆ ಇದ್ದರೆ ಒಳಗೆ ತಾಮ್ರ, ಮೇಲೆ ಬೆಳ್ಳಿ ಲೇಪ ಇರಬಹುದು; ಆ ಕಾಲದಲ್ಲೇ ಇಂಥ ಖೋಟಾ ನಡೆಯುತ್ತಿತ್ತು, ಅದನ್ನೂ ಇಷ್ಟಪಟ್ಟು ಕೂಡಿಡುವವರಿದ್ದಾರೆ ಬಿಡಿ, ಆದರೆ ಅಸಲಿಯ ಬೆಲೆ ಕೊಡಬೇಡಿ.

ಹಳೇ ಬಿಲ್ಲು, ಚೀಟಿ ಇದ್ದರೆ ಕೇಳಿ ಪಡೆಯಿರಿ. ಹೊಲದಲ್ಲಿ ಸಿಕ್ಕಿದ್ದು ಅಂತ ಯಾರಾದರೂ ಮೆಲ್ಲಗೆ ತೋರಿಸಿದರೆ ದೂರ ಇರಿ, ನೆಲದಲ್ಲಿ ಸಿಕ್ಕ ನಿಧಿಗೆ 1878ರ ಕಾಯ್ದೆಯೇ ಇದೆ.

ಮನೆಗೆ ತಂದ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ ದಯವಿಟ್ಟು! ಆ ಕಪ್ಪು ಛಾಯೆ ಇದ್ದರೇನೇ ಚೆಂದ, ಅಲ್ವಾ? ಪಿವಿಸಿ ಕವರ್ ಕೂಡ ಬೇಡ, ದಿನ ಕಳೆದಂತೆ ಹಸಿರು ಅಂಟು ಹಿಡಿಯುತ್ತದೆ.